ನೋಡದೆ ಬಿಡಿಸಿದ ಹೂವು

ಕುಜುಮಿ ಟೀಚರ್ ಕೈಗೆ ಕೆಂಪು ಪೆನ್ನು ಸಿಕ್ಕರೆ ಮುಗಿಯಿತು, ಅದು ತಾನಾಗಿಯೇ ಓಡುತ್ತಿತ್ತು. ಚೆನ್ನಾಗಿ ಬರೆದ ಪುಟಕ್ಕೆ ಒಂದು ಸುರುಳಿ, ಸುತ್ತ ಎಸಳು. ಜಪಾನಿನ ಹೊಕ್ಕೈಡೊದ ಆ ಬಂದರೂರಿನ ಶಾಲೆಯ ಮೂರನೇ ಕ್ಲಾಸಿನ ಮಕ್ಕಳು ಆ ಹೂವಿಗಾಗಿ ಪ್ರಾಣ ಬಿಡುತ್ತಿದ್ದವು.

ಅವತ್ತು ಊಟದ ಬಿಡುವು. ಹೊರಗೆ ಹಿಮ, ಮಕ್ಕಳೆಲ್ಲ ಒಳಗೇ. ತಿದ್ದಬೇಕಾದ ಪುಸ್ತಕಗಳ ರಾಶಿಯಲ್ಲೇ ಬೆಳಿಗ್ಗೆ ಬರೆಸಿದ ಚಿತ್ರಗಳೂ ಸೇರಿದ್ದವು. ‘ಮಕ್ಕಳ ಹಕ್ಕು ಅಂದ್ರೆ ಏನು? ಬಾಯಲ್ಲಿ ಹೇಳೋಕಾಗದ್ದನ್ನ ಬಣ್ಣದಲ್ಲಿ ಹೇಳಿ’ ಎಂದು ಹುರಿದುಂಬಿಸಿದವರು ಟೀಚರೇ. ಹಾಗೆ ಹೇಳಿದ್ದು ಮುಖ್ಯವಾಗಿ ಚಿಗುಸಾಗಾಗಿ. ಏಪ್ರಿಲ್‌ನಲ್ಲಿ ಬೇರೆ ಊರಿಂದ ಬಂದು ಸೇರಿದ ಹುಡುಗಿ ನವೆಂಬರ್ ಬಂದರೂ ತುಟಿ ಬಿಚ್ಚಿರಲಿಲ್ಲ. ಒಂದೇ ಒಂದು ಮಾತಾಡಲಿ ಎಂದು ಟೀಚರ್ ದಿನಾ ಹಂಬಲಿಸುತ್ತಿದ್ದರು.

ಆದರೆ ಬೆಲ್ ಹೊಡೆಯುವಷ್ಟರಲ್ಲಿ ಮುಗಿಸುವ ಆತುರ ನೋಡಿ! ಗಿರಗಿರ ಒಂದು ಹೂವು, ಗಿರಗಿರ ಇನ್ನೊಂದು.

ಮೇಜಿನ ಪಕ್ಕ ಚಿಗುಸಾ ಬಂದು ನಿಂತಳು.

“ಟೀಚರ್, ನನ್ನ ಚಿತ್ರ ನೋಡಿದ್ರಾ?”

ಅಬ್ಬಾ, ಮಗು ಮಾತಾಡಿತು! ಟೀಚರಿಗೆ ಕುಣಿದಾಡುವಷ್ಟು ಸಂತೋಷ. “ನೋಡ್ದೆ ಕಣಮ್ಮ, ಹೂವು ಬೇರೆ ಬಿಡಿಸಿದೀನಲ್ಲ!”

“ಇಲ್ಲ. ನೀವು ನೋಡ್ದೇನೇ ಬಿಡಿಸಿದ್ರಿ.”

ಟೀಚರ್ ಆಗ ಚಿತ್ರವನ್ನು ನೋಡಿದರು. ಅದರಲ್ಲಿ, ದಿನಾ ಊಟವಾದ ಮೇಲೆ ಮಾಡುವ ಹಾಗೆ, ಮಕ್ಕಳೆಲ್ಲ ಪೊರಕೆ ಹಿಡಿದು ಕ್ಲಾಸು ಗುಡಿಸುತ್ತಿದ್ದಾರೆ. ನಡುವೆ ಒಬ್ಬಳೇ ಹುಡುಗಿ, ಮುಂದೆ ಶಾಲೆಯ ಊಟದ ಹಾಲಿನ ಡಬ್ಬಿ, ತಲೆ ತುಂಬ ಧೂಳು. ಹಾಲಿನತ್ತ ಬೆರಳು ತೋರಿಸುತ್ತ ನಿಂತ ಹೆಂಗಸಿಗೆ ಕುಜುಮಿ ಟೀಚರದೇ ಕನ್ನಡಕ. ‘ಮುಗಿಸೋ ತನಕ ಏಳೋ ಹಾಗಿಲ್ಲ’ ಎಂದು ಏಳು ತಿಂಗಳು ಅವಳನ್ನು ಕೂರಿಸಿದ್ದು ಇನ್ನಾರು? ಅದೆಲ್ಲದರ ಮೇಲೆ ಕೆಂಪು ಹೂವು ಅರಳಿ ಕೂತಿತ್ತು.

ಟೀಚರ್ ಎದ್ದು, ಇಡೀ ಕ್ಲಾಸಿನ ಮುಂದೆ ಸೊಂಟ ಬಗ್ಗಿಸಿ ತಲೆ ತಗ್ಗಿಸಿದರು. “ತಪ್ಪಾಯ್ತು ಚಿಗುಸಾ. ಬೇರೆ ಹಾಳೆ ಕೊಡ್ತೀನಿ, ಇನ್ನೊಂದ್ಸಲ ಬರೀತೀಯಾ?”

“ಬೇಡ. ಇದೇ ಇರ್ಲಿ.”

ಹಾಳೆಯ ಅಡಿಯಲ್ಲಿ ಅವಳೇ ಬರೆದಳು: ‘ಹೂವು ಟೀಚರದು. ನೋಡದೆ ಬಿಡಿಸಿದ್ದು.’

“ಟೀಚರ್ ಫೇಲು!” ಎಂದು ಹಿಂದಿನ ಸಾಲು ಕಿಸಕ್ಕೆಂದಿತು. ಟೀಚರೂ ನಕ್ಕರು, ನಗುನಗುತ್ತಲೇ ಕಣ್ಣು ತುಂಬಿ ಬಂತು. ಆ ಚಿತ್ರವನ್ನು ಪ್ರದರ್ಶನದ ಗೋಡೆಯ ನಟ್ಟನಡುವೆ ತಾವೇ ಅಂಟಿಸಿದರು.

ಮರುದಿನ ಊಟದ ಹೊತ್ತಿಗೆ ಚಿಗುಸಾ ಅರ್ಧ ಹಾಲು ಕುಡಿದು ಡಬ್ಬಿಯನ್ನು ಮುಂದೆ ತಳ್ಳಿದಳು.

“ಸಾಕು ಟೀಚರ್.”

‘ಮುಗಿಸು’ ಎನ್ನುವ ಇಪ್ಪತ್ತೆಂಟು ವರ್ಷದ ಅಭ್ಯಾಸ ನಾಲಿಗೆಯ ತುದಿಗೆ ಬಂದಿತ್ತು. ಟೀಚರ್ ಅದನ್ನು ನುಂಗಿಕೊಂಡರು.

“ಸಾಕಾ? ಸರಿ ಕಣಮ್ಮ. ಬಾಯ್ಬಿಟ್ಟು ಹೇಳಿದ್ಯಲ್ಲ, ನಿಂಗೆ ತುಂಬಾ ಥ್ಯಾಂಕ್ಸ್.”

ಚಿಗುಸಾ ಎದ್ದು ಹೋಗಿ ಎಲ್ಲರ ಜೊತೆ ಪೊರಕೆ ಹಿಡಿದಳು.