ಸದ್ಯ, ಎಡಗೈ ತಾನೇ!

ಅಕ್ಕನಿಗೆ ಲಕ್ವ ಹೊಡೆದ ಸುದ್ದಿ ಕೇಳಿ ನಾನು ತ್ಯಾವಣಿಗೆಯಿಂದ ಬಸ್ಸು ಹತ್ತಿ ನ್ಯಾಮತಿಗೆ ಬಂದಾಗ, ಭಾವ ಷಣ್ಮುಖಪ್ಪನವರು ಬಾಗಿಲಲ್ಲೇ ಹೇಳಿದ ಮೊದಲ ಮಾತು ಇದು: "ಸದ್ಯ, ಎಡಗೈ ತಾನೇ ಹೋಗಿದ್ದು. ಬಲಗೈ ಉಳೀತು ನೋಡು ಪ್ರೇಮಾ."

ಚಪ್ಪಲಿ ಬಿಡುವುದರೊಳಗೆ ಪಕ್ಕದ ಮನೆಯ ಕೊಟ್ರಮ್ಮ ಬಂದಳು. ಅವಳೂ ಅದನ್ನೇ ಹೇಳಿದಳು. ಹಾಲಿನವಳು ಹೇಳಿದಳು. ಭಾವನವರ ಹಗ್ಗದಂಗಡಿಗೆ ಕಣ್ಣಿ, ಮೂಗುದಾರ ಕೊಳ್ಳಲು ಬಂದ ರೈತರು ಒಳಗೆ ಇಣುಕಿ, "ಎಡಗಡೆನಾ? ಹಂಗಾದ್ರೆ ಪುಣ್ಯ ಮಾಡೀರಿ" ಅಂದು ಹೋದರು. ಅಕ್ಕ ಕಸ್ತೂರಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ಅದು ಎಂಬತ್ಮೂರನೇ ಇಸವಿ. ಕಾಲು ಬೇಗ ಚೇತರಿಸಿಕೊಂಡಿತು. ದೀಪಾವಳಿಯ ಹೊತ್ತಿಗೆ ಅಕ್ಕ ಗೋಡೆ ಹಿಡಿಯದೆ ಹಿತ್ತಲಿಗೆ ಹೋಗಿ ಬರುತ್ತಿದ್ದಳು. ತೊದಲುತ್ತಿದ್ದ ಮಾತು ತಿಳಿಯಾಯಿತು, ಬೈಗುಳವೂ ಮೊದಲಿನ ಹಾಗೇ ಹರಿತವಾಯಿತು. ಆದರೆ ಎಡಗೈ ಮಡಚಿಕೊಂಡು ಎದೆಗೆ ಬಂದು ಕೂತಿತ್ತು. ಬೆರಳೆಲ್ಲ ಒಳಗೆ, ಮೇಲೆ ಹೆಬ್ಬೆರಳು. ಮುಷ್ಟಿ. ನಿದ್ದೆಯಲ್ಲೂ ಅದು ಬಿಚ್ಚುತ್ತಿರಲಿಲ್ಲ.

ಮತ್ತೆ, ಅಕ್ಕ ಉಣ್ಣುತ್ತಿರಲಿಲ್ಲ.

ಉಪವಾಸ ಅಂತ ಹೇಳಿ ಬಿಟ್ಟದ್ದಲ್ಲ. ಬೈದು ಕೂರಿಸಿದರೆ ಅರ್ಧ ಲೋಟ ಗಂಜಿ ಕುಡಿಯುತ್ತಿದ್ದಳು. ರೊಟ್ಟಿ ಮುರಿದು ಇಟ್ಟರೆ ಒಂದು ತುಂಡು ಬಾಯಿಗೆ ಹಾಕಿಕೊಂಡು ಅಗಿಯುತ್ತಾ ಕೂತೇ ಇರುತ್ತಿದ್ದಳು. ಕುಪ್ಪಸ ಸಡಿಲವಾಯಿತು, ಕೊರಳ ಮೂಳೆ ಎದ್ದವು, ಅದರ ನಡುವೆ ಲಿಂಗದ ಕರಡಿಗೆ ದೊಡ್ಡದಾಗಿ ಕಾಣತೊಡಗಿತು. ಭಾವನವರು ಒಂದು ದಿನ ಲಕ್ವದ ಗುಣ ಅಂದರು, ಮರುದಿನ ಹಟ ಅಂದರು.

ಏನಂತ ನನಗೆ ತಿಳಿದದ್ದು ಒಂದು ಬೆಳಿಗ್ಗೆ. ಅಕ್ಕ ಸ್ನಾನ ಮಾಡಿ, ವಿಭೂತಿ ಧರಿಸಿ, ಮಣೆಯ ಮೇಲೆ ಕೂತಿದ್ದಳು. ನಮ್ಮ ಮನೆಗಳಲ್ಲಿ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವ ಪದ್ಧತಿ ಇಲ್ಲ. ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು, ಕಣ್ಣಿನ ಮಟ್ಟಕ್ಕೆ ಎತ್ತಿ, ಬಲಗೈಯಲ್ಲಿ ನೀರು, ಪತ್ರೆ ಏರಿಸಬೇಕು. ಹುಡುಗಿಯಾಗಿ ದೀಕ್ಷೆ ಆದಂದಿನಿಂದ ಅಕ್ಕನಿಗೆ ಅದು ದಿನದ ಮೊದಲ ಕೆಲಸ. ಅವತ್ತು ಅವಳು ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ತೊಡೆಗೆ ಒತ್ತಿ ಹಿಡಿದು, ಕರಡಿಗೆಯಿಂದ ಲಿಂಗ ತೆಗೆದು ಅಂಗೈ ಮೇಲಿಟ್ಟಳು. ನೀರಿನ ಗಿಂಡಿಗೆ ಬಲಗೈ ಚಾಚಿದ ಕೂಡಲೇ ಬೆರಳುಗಳು ಹಾಗೇ ಮಡಚಿಕೊಂಡವು. ಲಿಂಗ ಮುಷ್ಟಿಯೊಳಗೆ ಹೋಯಿತು. ಅಕ್ಕ ನೀರು ಹಿಡಿದುಕೊಂಡು, ತನ್ನದೇ ಮುಷ್ಟಿಯನ್ನು ನೋಡುತ್ತಾ ಕೂತಳು. ಪೂಜೆ ಮಾಡಬೇಕಾದದ್ದು ಅವಳ ಕೈಯಲ್ಲೇ ಇದೆ, ಅವಳ ಕಣ್ಣಿಗೇ ಕಾಣುವುದಿಲ್ಲ.

ಸ್ವಲ್ಪ ಹೊತ್ತಿಗೆ ಗಿಂಡಿ ಕೆಳಗಿಟ್ಟು, ಮುಷ್ಟಿ ಬಿಡಿಸಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಸೇರಿಸಿದಳು. "ರೊಟ್ಟಿ ಬ್ಯಾಡ ಪ್ರೇಮಾ" ಅಂದಳು.

ಬಾಗಿಲಲ್ಲಿ ನಿಂತಿದ್ದ ಭಾವನವರಿಗೆ ತಡೆಯಲಾಗಲಿಲ್ಲ. "ಬಲಗೈಲಿ ಇಟ್ಕಂಡು ಮಾಡು. ಶಿವ ಏನು ಸಿಟ್ಟು ಮಾಡ್ಕಂತಾನಾ?"

"ಬಲಗೈಲಿ ಇಟ್ಕಂಡ್ರೆ ನೀರು ಯಾವ ಕೈಲಿ ಹಾಕ್ಲಿ? ನಿಮ್ಮ ಕೈಲಾ?"

"ಮಣೆ ಮೇಲಿಡು."

"ನೀವು ಉಂಬೋದು ತಟ್ಟೇಲಾ, ನೆಲದ ಮೇಲಾ?"

"ಮಠದ ಅಯ್ಯನವರೇ ಹೇಳಿದ್ರು ಕಣೇ, ಕಾಯಿಲೆ ಇದ್ದಾಗ ನೇಮ ಬಿಟ್ರೆ ದೋಷ ಇಲ್ಲ ಅಂತ!"

"ದೋಷ ಐತೆ ಅಂತ ನಾನೆಲ್ಲಿ ಅಂದೆ?" ಅಕ್ಕನ ದನಿ ಇಳಿಯಿತು. "ನನಗೆ ಹಸಿವಾಗಲ್ಲ ಅಂದೆ. ಅಷ್ಟೇ."

ನಾನು ಬೆರಳು ಹಿಡಿದುಕೊಳ್ಳುತ್ತೇನೆ ಅಂದೆ. ಅವಳು ಒಪ್ಪಲಿಲ್ಲ. "ನೀನು ಊರಿಗೆ ಹೋದ ಮೇಲೆ ಯಾರು ಹಿಡೀತಾರೆ? ಕೊಟ್ರಮ್ಮನಾ? ನನ್ನ ಕೈ ತಾನಾಗೇ ಬಿಚ್ಚಬೇಕು."

ಆ ದಿನಗಳಲ್ಲೇ ಹೊನ್ನಾಳಿಯ ಛತ್ರದಲ್ಲಿ ದೊಡ್ಡ ಊರಿನ ಮೆಡಿಕಲ್ ಕಾಲೇಜಿನವರು ಕ್ಯಾಂಪು ಹಾಕಿದ್ದರು. ಲಕ್ವದ ಮೇಲೆ ಸಂಶೋಧನೆಯಂತೆ. ಚನ್ನಗಿರಿ, ಹೊನ್ನಾಳಿ, ಜಗಳೂರು ತಾಲ್ಲೂಕುಗಳಲ್ಲಿ ಲಕ್ವ ಹೊಡೆದವರನ್ನೆಲ್ಲ ಹುಡುಕಿ, ಎಷ್ಟು ಜನ ಬದುಕಿದರು, ಬದುಕಿದವರು ಯಾವ ಮಟ್ಟಕ್ಕೆ ಗುಣವಾದರು ಅಂತ ನೋಡುತ್ತಿದ್ದರು. ಕೈಕಾಲಿಗೆ ವ್ಯಾಯಾಮ ಮಾಡಿಸಲು ಒಬ್ಬ ಸಿಸ್ಟರ್ ಮನೆಮನೆಗೇ ಬರುತ್ತಾರೆ ಎಂದು ಕೇಳಿ ಅಕ್ಕ ತಾನಾಗೇ ಹೊರಟಳು. ಕಾಯಿಲೆ ಬಿದ್ದ ಮೇಲೆ ಅವಳು ಯಾವುದಕ್ಕಾದರೂ ಆಸೆಪಟ್ಟದ್ದು ಅದೇ ಮೊದಲು. ಹೊಸ ಸೀರೆ ಉಟ್ಟಳು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಜಯದೇವಪ್ಪ ಅಂತ. ಮಾತು ಮೆತ್ತಗೆ. ನಡೆಯಿರಿ ಅಂದರು, ನಡೆದಳು. ತಲೆ ಬಾಚಿ ಅಂದರು, ಬಾಚಿದಳು. ನೀರು ಕುಡಿಯಿರಿ, ಗುಂಡಿ ಹಾಕಿ. ಎಲ್ಲ ಬಲಗೈಯಲ್ಲೇ ಆಯಿತು, ಒಂದೊಂದಕ್ಕೂ ಅವರು ಕಾಗದದ ಮೇಲೆ ಗುರುತು ಹಾಕಿಕೊಂಡರು. ಕೊನೆಗೆ ಎಡ ಮುಷ್ಟಿಯೊಳಗೆ ತಮ್ಮ ಎರಡು ಬೆರಳು ತೂರಿಸಿ, "ಗಟ್ಟಿಯಾಗಿ ಹಿಡೀರಿ" ಅಂದರು.

ಅಕ್ಕ ಹಿಡಿದಳು.

"ಅಬ್ಬಾ! ಶಕ್ತಿ ಚೆನ್ನಾಗಿದೆ. ನಿಮ್ಮದು ಪೂರ್ತಿ ಗುಣವಾದ ಕೇಸಮ್ಮ. ಎಲ್ಲರೂ ಹೀಗಾದರೆ ನಮಗೆ ಕೆಲಸವೇ ಇರಲ್ಲ."

"ಹಿಡಿಯಾಕೆ ಬರ್ತೈತ್ರಿ. ಬಿಡಾಕೆ ಬರಲ್ಲ" ಅಂದಳು ಅಕ್ಕ.

"ನಿಧಾನಕ್ಕೆ ಆಗುತ್ತೆ. ಸದ್ಯ, ಎಡಗೈ ತಾನೇ?"

ಅಕ್ಕ ನನ್ನ ಕಡೆ ನೋಡಿದಳು. ನಾನು ಅಷ್ಟು ದಿನ ನುಂಗಿಕೊಂಡು ಬಂದವಳು, ಅಲ್ಲಿ ಆಗಲಿಲ್ಲ.

"ವ್ಯಾಯಾಮ ಮಾಡಿಸೋ ಸಿಸ್ಟರನ್ನ ಕಳಿಸ್ರಿ ಸ್ವಾಮಿ. ಆಕೆ ಉಣ್ತಿಲ್ಲ."

"ಸಿಸ್ಟರ್ ಒಬ್ಬರೇ ಇರೋದು ಅಮ್ಮ. ಕೈಲಾಗದೇ ಉಳಿದವರಿಗೆ ಮಾತ್ರ ಅವರು. ಇವರ ಕೈ ಊಟಕ್ಕೆ ಅಡ್ಡ ಬಂದಿಲ್ಲವಲ್ಲ."

"ಬಂದೈತ್ರಿ! ಪೂಜೆ ಮಾಡಾಕೆ ಆಗವಲ್ದು. ನಿಮ್ಮದು ಯಾವೂರು?"

"ಜಗಳೂರು ಕಡೆ."

"ನಿಮ್ಮ ತಾಯಿ ಲಿಂಗ ಯಾವ ಕೈ ಮೇಲೆ ಇಟ್ಕಂತಾರೆ?"

ಡಾಕ್ಟರು ತಮ್ಮ ಎಡಗೈಯನ್ನೇ ಒಮ್ಮೆ ನೋಡಿಕೊಂಡಂತೆ ನನಗೆ ಕಂಡಿತು. ಆಮೇಲೆ ನಕ್ಕು, "ಅದು ಬೇರೆ ವಿಷಯ ಅಮ್ಮ. ನಾವು ಕೇಳಬೇಕಾದ ಪ್ರಶ್ನೆಗಳಲ್ಲಿ ಅದಿಲ್ಲ. ಒಂದು ಸಲ ಮನೆಗೆ ಬಂದು ನೋಡ್ತೀವಿ" ಅಂತ ಮುಂದಿನವರನ್ನು ಕರೆದರು.

ಅಲ್ಲ, ನಾನು ಕೇಳುತ್ತೇನೆ. ಬಾಚಣಿಗೆಯ ಪ್ರಶ್ನೆ ಇದೆ, ಗುಂಡಿಯ ಪ್ರಶ್ನೆ ಇದೆ. ನಮ್ಮ ಅಕ್ಕ ಅಂಗಿ ತೊಡುವವಳಲ್ಲ, ಅವಳ ಕುಪ್ಪಸಕ್ಕೆ ಗುಂಡಿಯೇ ಇಲ್ಲ. ಯಾರದೋ ಅಂಗಿ ತಂದು ತೊಡೆಯ ಮೇಲಿಟ್ಟು ಗುಂಡಿ ಹಾಕಿಸಿದರು! ಪರದೇಶದವರು ಮಾಡಿದ ಪ್ರಶ್ನೆಗಳೇ ಇರಲಿ, ಅವರಿಗೆ ನಮ್ಮ ಮನೆ ತಿಳಿಯದು. ಜಗಳೂರಿನ ಲಿಂಗವಂತರ ಮನೆಯಲ್ಲಿ ಹುಟ್ಟಿದವನಿಗೂ ತಿಳಿಯದೇ? ಭಾವನವರಿಗೆ, ಕೊಟ್ರಮ್ಮನಿಗೆ, ಅಯ್ಯನವರಿಗೆ? ದಿನಾ ಬೆಳಿಗ್ಗೆ ಎಡಗೈ ನೋಡುತ್ತಾ ಕೂರುವ ಜನವೇ ಎಡಗೈ ತಾನೇ ಅಂದರೆ ನಾವು ಯಾರ ಹತ್ತಿರ ಹೋಗಬೇಕು?

ಅಂದು ಮನೆಗೆ ಬಂದು ಅಕ್ಕ ಗಂಜಿಯನ್ನೂ ಮುಟ್ಟಲಿಲ್ಲ. ಮರುದಿನವೂ ಇಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ ಅಂದಳು. ನಾನು ಅವಳ ಮುಂದೆ ಕೂತು, "ನೀನು ಸತ್ತರೂ ಅವರು ಗುಣವಾಗಿ ಸತ್ತಳು ಅಂತಾರೆ. ಬೇಕಾ ಅದು?" ಅಂತ ಕೂಗಿಬಿಟ್ಟೆ.

ಅಕ್ಕನಿಗೆ ಅದು ತಾಗಿತು. ರಾತ್ರಿ ಹಾಸಿಗೆ ಹಾಸುವಾಗ, "ನಾಳೆಯಿಂದ ಹಿಡಿ. ಬೆರಳಷ್ಟೇ. ಲಿಂಗ ಮುಟ್ಟಬ್ಯಾಡ" ಅಂದಳು.

ಹಿಡಿದೆ. ಬಿಸಿನೀರಿನಲ್ಲಿ ಕೈ ಅದ್ದಿಸಿ, ಮೆತ್ತಗಾದ ಮೇಲೆ ಒಂದು ಕೈಯಲ್ಲಿ ನಾಲ್ಕು ಬೆರಳು ಹಿಂದಕ್ಕೆ ಹಿಡಿದು, ಇನ್ನೊಂದರಲ್ಲಿ ಮಣಿಕಟ್ಟು ಎತ್ತಿದೆ. ಹೆಬ್ಬೆರಳು ಮಾತ್ರ ಸುಮ್ಮನೆ ಇರದು. ಮೆಲ್ಲಗೆ ಹೊರಳಿ ಬಂದು ಲಿಂಗದ ಮೇಲೆ ಮಲಗುತ್ತಿತ್ತು. ನೀರು ಹಾಕಬೇಕಾದ ಬಲಗೈಯಿಂದ ಅಕ್ಕ ಅದನ್ನು ತಳ್ಳುವಳು, ಅದು ಮತ್ತೆ ಬರುವುದು. ಅರ್ಧ ಪೂಜೆಗೆ ಇಬ್ಬರೂ ಬೆವತುಹೋಗುತ್ತಿದ್ದೆವು. ಅರ್ಧ ಪೂಜೆಗೆ ಅರ್ಧ ರೊಟ್ಟಿ. "ಭಾವನವರನ್ನ ಕರೀಲಾ?" ಅಂದರೆ, "ಅವರು ಹಗ್ಗ ಎಳೆದಂಗೆ ಎಳೀತಾರೆ, ಬ್ಯಾಡ" ಅನ್ನುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಡಿ ಮುಂದೆ ಜೀಪು ನಿಂತಿತು. ಜಯದೇವಪ್ಪ ಡಾಕ್ಟರು ಕಾಗದ ಹಿಡಿದುಕೊಂಡು ನಗುತ್ತಾ ಒಳಗೆ ಬಂದರು. ನಾವು ಆಗಷ್ಟೇ ಮಣೆ ಹಾಕಿದ್ದೆವು.

"ಒಂದೇ ನಿಮಿಷ ಅಮ್ಮ. ಎಲ್ಲಿ, ಗಟ್ಟಿಯಾಗಿ ಹಿಡೀರಿ ನೋಡೋಣ" ಅಂತ ಬೆರಳು ಚಾಚಿದರು.

"ಹಿಡಿಯಲ್ಲ" ಅಂದಳು ಅಕ್ಕ.

"ಯಾಕಮ್ಮ?"

"ಆವತ್ತು ಹಿಡಿದಿದ್ದಕ್ಕೇ ನನ್ನ ಬಾಯಿಗೆ ಮಣ್ಣು ಬಿತ್ತು. ಇವತ್ತು ನೀವು ಹಿಡೀರಿ. ಪ್ರೇಮಾ, ಇವರಿಗೆ ಕೈಕಾಲಿಗೆ ನೀರು ಕೊಡು."

ಭಾವನವರು, "ಏನೇ ಇದು, ಅವರು ದೊಡ್ಡ ಮನುಷ್ಯರು" ಅಂತ ಓಡಿ ಬಂದರು. "ದೊಡ್ಡೋರಾದ್ರೆ ಕೈ ದೊಡ್ಡದಿರ್ತೈತೆ, ಒಳ್ಳೇದೇ ಆತು" ಅಂದಳು. ಡಾಕ್ಟರು ಭಾವನವರ ಮುಖ ನೋಡಿದರು, ಗಡಿಯಾರ ನೋಡಿಕೊಂಡರು. ಅಕ್ಕನ ಮುಖ ನೋಡಿದ ಮೇಲೆ ಕಾಗದ ಕಿಟಕಿಯಲ್ಲಿಟ್ಟು, ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದು ನೆಲಕ್ಕೆ ಕೂತರು.

ತಮ್ಮ ಎಡಗೈಯಲ್ಲಿ ಅಕ್ಕನ ಹೆಬ್ಬೆರಳು ಹಿಡಿದರು. ನಾನು ನಾಲ್ಕು ಬೆರಳು, ಮಣಿಕಟ್ಟು. ಅಕ್ಕ ಕರಡಿಗೆ ತೆರೆದು ಲಿಂಗವನ್ನು ಅಂಗೈ ಮೇಲೆ ಇಟ್ಟಳು. ಅದು ನಿಂತಿತು. ಮೂರು ಜನ ಕೈ ಸೇರಿಸಿ ಅದನ್ನು ಅವಳ ಕಣ್ಣಿನ ಮಟ್ಟಕ್ಕೆ ಎತ್ತಿದೆವು. ಅಕ್ಕ ಆತುರ ಪಡಲಿಲ್ಲ. ನೀರು, ವಿಭೂತಿ, ಪತ್ರೆ ಒಂದೊಂದನ್ನೂ ಮೊದಲಿನ ಹಾಗೇ ನಿಧಾನವಾಗಿ ಏರಿಸಿದಳು. ಆಮೇಲೆ ಬಲಗೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂತಳು. ತಿಂಗಳುಗಟ್ಟಲೆ ಬಾಕಿ ಬಿದ್ದ ನೋಟ ಅದು, ಬೇಗ ಮುಗಿಯುವುದೇ?

ಡಾಕ್ಟರ ಕೈ ಅದುರತೊಡಗಿತು. "ಇನ್ನೂ ಎಷ್ಟು ಹೊತ್ತು ಅಮ್ಮ?" ಅಂತ ನನ್ನ ಕಡೆ ಬಾಗಿ ಪಿಸುಗುಟ್ಟಿದರು.

"ಪೂರ್ತಿ ಗುಣವಾದ ಕೈ ಅಲ್ವೇನ್ರಿ? ಸ್ವಲ್ಪ ಬಿಟ್ಟು ನೋಡ್ರಿ ಮತ್ತೆ" ಅಂದೆ.

ಬಿಡಲಿಲ್ಲ.

ಲಿಂಗ ಕರಡಿಗೆಗೆ ಸೇರಿದ ಮೇಲೆ ಅವರು ಕಿಟಕಿಯ ಕಾಗದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಸಿಸ್ಟರನ್ನ ಕಳಿಸ್ತೀನಿ, ನನ್ನ ಜವಾಬ್ದಾರಿ ಮೇಲೆ" ಅಂದರು. "ಆದರೆ ಗುಣ ಅಂತ ಬರೆದಿದ್ದನ್ನ ನಾನು ಬದಲಿಸೋಕೆ ಬರಲ್ಲ. ಮೇಲಿನವರು ಕೇಳ್ತಾರೆ."

"ಕೇಳಿದ್ರೆ ಅವರನ್ನೂ ಕರ್ಕಂಡು ಬರ್ರಿ. ಸಿಸ್ಟರ್ ಬರೋ ತನಕ ದಿನಾ ಒಂದು ಕೈ ಬೇಕಾಗೈತೆ" ಅಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಪ್ರೇಮಾ, ರೊಟ್ಟಿ ತಾ. ಎಣ್ಣೆಗಾಯಿ ಐತಾ? ನನಗೆ ಎರಡು ರೊಟ್ಟಿ. ಇವರಿಗೂ ಹಾಕು" ಅಂದಳು.

ಡಾಕ್ಟರು ಜೋಮು ಹಿಡಿದ ಕೈಯನ್ನು ಕೊಡವುತ್ತಾ, ಬೆರಳು ಬಿಚ್ಚಿ ಮಡಚಿ ನೋಡಿಕೊಳ್ಳುತ್ತಿದ್ದರು. ಅಕ್ಕ ಅದನ್ನು ನೋಡಿ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಹೇಳಿದಳು:

"ಸದ್ಯ, ಎಡಗೈ ತಾನೇ ಡಾಕ್ಟ್ರೇ? ಕೂತು ಉಣ್ರಿ."