ಹಿಡಿಕೆಯ ಮೇಲಿನ ಹಲ್ಲಿನ ಗುರುತು

ಸೋಪಾನ ಮಾಳಿ ಎಂಬವನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಬಲಗಿವಿ ಹತ್ತಿರ ನಿಂತು ಜೋರಾಗಿ ಹೇಳಿದರೆ ಮಾತ್ರ ಕೇಳುತ್ತಿತ್ತು. ಇದು ಅವನ ಹೆಂಡತಿಗೆ, ಮಗಳಿಗೆ ಮತ್ತು ನನಗೆ ಗೊತ್ತಿತ್ತು. ನಾವು ಮೂವರೂ ಯಾರಿಗೂ ಹೇಳಲಿಲ್ಲ. ನನಗಂತೂ ಹೇಳಲು ಬಾಯಿ ಇಲ್ಲ.

ನಾನು ಒಂದು ಸುತ್ತಿಗೆ. ಕಾದ ಉಕ್ಕಿನ ತುಂಡನ್ನು ಅಚ್ಚಿನಲ್ಲಿ ಒತ್ತಿ, ಎಣ್ಣೆಯಲ್ಲಿ ಅದ್ದಿ ನನ್ನನ್ನು ಮಾಡಿದರು. ನನ್ನಂಥ ನಲವತ್ತು ತಲೆಗಳು ಒಂದೇ ಪೆಟ್ಟಿಗೆಯಲ್ಲಿ ತುಂಬಿಕೊಂಡು ವಿಜಯಪುರದ ಕಡೆಗೆ ಬಂದೆವು. ಅಲ್ಲಿಂದ ನಾನೊಬ್ಬನೇ ಒಂದು ಸಣ್ಣ ಸ್ಟೇಷನ್ನಿನ ಸಾಮಾನಿನ ಕೋಣೆಗೆ ಬಂದೆ. ಸೋಪಾನ ಜಾಲಿಯ ಕಟ್ಟಿಗೆ ಕೆತ್ತಿ ನನಗೆ ಹಿಡಿಕೆ ಹಾಕಿದ. ಅಂದು ಅವನಿಗೂ ಅಲ್ಲಿ ಮೊದಲ ದಿನ.

ಅವನ ಕೆಲಸಕ್ಕೆ ಕೀಮ್ಯಾನ್ ಅನ್ನುತ್ತಾರೆ. ಹಳಿಯನ್ನು ಕೆಳಗಿನ ಅಡ್ಡಪಟ್ಟಿ ಸ್ಲೀಪರಿಗೆ ಹಿಡಿದಿಡುವ ಬಾಗಿದ ಕ್ಲಿಪ್ಪುಗಳು ಗಾಡಿಯ ಅದುರಾಟಕ್ಕೆ ಸಡಿಲಾಗುತ್ತವೆ. ಕೀಮ್ಯಾನ್ ದಿನಾ ಹಳಿಯ ಮೇಲೆ ನಡೆದು ಅವನ್ನು ಬಡಿದು ಕೂರಿಸಬೇಕು. ಹೋಗುತ್ತ ಆರು ಕಿಲೋಮೀಟರ್, ಬರುತ್ತ ಆರು. ಬಿಸಿಲಿಗೆ ಹಳಿ ಕಾದಾಗಲೂ ನಡೆಯಬೇಕು, ಜ್ವರ ಬಂದಾಗಲೂ ನಡೆಯಬೇಕು. ಇಪ್ಪತ್ತೆರಡು ವರ್ಷ ನಡೆದ.

ಅವನು ವಾರಕರಿ, ಪಂಢರಪುರದ ವಿಠ್ಠಲನ ಭಕ್ತ. ಕೊರಳಲ್ಲಿ ನೂರೆಂಟು ಮಣಿಯ ತುಳಸಿಮಾಲೆ, ಏಕಾದಶಿಗೆ ಉಪವಾಸ. ಆಷಾಢ ಬಂದರೆ ರಜೆ ಹಾಕಿ ಪಂಢರಪುರಕ್ಕೆ ವಾರಿ, ಅಂದರೆ ಕಾಲ್ನಡಿಗೆಯ ಯಾತ್ರೆ, ಹೋಗುತ್ತಿದ್ದ. ಅವನ ನೌಕರಿಯ ಹದಿನಾರನೇ ವರ್ಷ ತಾಯಿ ಸಖೂಬಾಯಿಗೆ ಲಕ್ವಾ ಹೊಡೆಯಿತು, ಹಾಸಿಗೆ ಹಿಡಿದಳು. ಆಮೇಲೆ ಹೋಗಲಿಲ್ಲ.

ಅವರ ಕ್ವಾರ್ಟರ್ಸ್ ಹಳಿಯ ಪಕ್ಕದಲ್ಲೇ ಇತ್ತು. ಮುಂಜಾನೆ ತಾಯಿಗೆ ಮೈ ತೊಳೆದು ಕೆಲಸಕ್ಕೆ ಬರುತ್ತಿದ್ದ. ಮಧ್ಯಾಹ್ನ ಮರಳುವಾಗ ನನ್ನನ್ನು ಬಾಗಿಲ ಬಳಿ ಒರಗಿಸಿ ಒಳಗೆ ಹೋಗಿ, ಮುದುಕಿಯನ್ನು ಎತ್ತಿ ಇನ್ನೊಂದು ಮಗ್ಗಲಿಗೆ ಹೊಳ್ಳಿಸಿ, ಬೆನ್ನಿಗೆ ಪೌಡರ್ ಹಚ್ಚಿ ಬರುತ್ತಿದ್ದ. ಹೆಂಡತಿ ಶೇವಂತಾಗೆ ಸೊಂಟದ ನೋವು, ಅವಳ ಕೈಲಿ ಎತ್ತಲಾಗುತ್ತಿರಲಿಲ್ಲ. ಆರು ವರ್ಷದಲ್ಲಿ ಮುದುಕಿಯ ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ.

ಹಳಿ ರಿಪೇರಿ ಮಾಡುವ ಗ್ಯಾಂಗಿನ ಮುಂದಾಳು, ಮೇಟ್ ಹುಸೇನಸಾಬ, ವಾರಕರಿಗಳನ್ನು ಕರೆಯುವಂತೆ ಮಾವುಲಿ ಅಂತ ಕರೆದು ಅವನನ್ನು ಬಿಡದೆ ಕಾಡುತ್ತಿದ್ದ.

"ಏನ್ ಮಾವುಲಿ, ಈ ವರ್ಷಾನೂ ವಾರಿ ಇಲ್ಲೇನು? ನಿನ್ನ ವಿಠೋಬಾ ಅಲ್ಲೆ ಇಟ್ಟಂಗಿ ಮ್ಯಾಲ ನಿಂತ ಕಾಯಾಕತ್ತಾನ."

"ನಿಲ್ಲಲಿ," ಅನ್ನುತ್ತಿದ್ದ ಸೋಪಾನ. "ಪುಂಡಲೀಕ ತಾಯಿ-ತಂದಿ ಸೇವಾ ಮುಗಸೂತನಾ ನಿಂದ್ರು ಅಂತ ಇಟ್ಟಂಗಿ ಒಗದಿದ್ದ. ನಾನೂ ಒಗದೀನಿ."

ಇದು ಹುಸೇನಸಾಬ ಬಲಕ್ಕೆ ನಿಂತಾಗಿನ ಮಾತು. ಎಡಕ್ಕೆ ನಿಂತು ಏನು ಅಂದರೂ ಸೋಪಾನ ಸುಮ್ಮನೆ ನಗುತ್ತಿದ್ದ. ಗ್ಯಾಂಗಿನವರು, "ನಾಮದಾಗ ಮುಳಗ್ಯಾನ, ಮಾತಾಡಸಬ್ಯಾಡ್ರಿ" ಅಂದುಕೊಂಡರು. ಕಿವುಡನ್ನು ಎಲ್ಲರೂ ಭಕ್ತಿ ಅಂತ ತಿಳಿದರು. ಅವನೂ ತಿದ್ದಲಿಲ್ಲ.

ಕಿವಿ ಹೋದದ್ದು ನನ್ನಿಂದ. ಇಪ್ಪತ್ತೆರಡು ವರ್ಷ ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಇನ್ನೇನಾಗುತ್ತದೆ? ಆಮೇಲೆ ಅವನಿಗೆ ಕಿವಿಯಾದದ್ದೂ ನಾನೇ. ಅವನು ನನ್ನ ತಲೆಯನ್ನು ಹಳಿಯ ಮೇಲೆ ಊರಿ, ಬಗ್ಗಿ, ಹಿಡಿಕೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದ. ದೂರದ ಗಾಡಿ ಹಳಿಯನ್ನು ನಡುಗಿಸುತ್ತದೆ. ಆ ನಡುಕ ನನ್ನಿಂದ ಹಿಡಿಕೆಗೆ, ಹಿಡಿಕೆಯಿಂದ ಅವನ ಹಲ್ಲಿಗೆ, ಹಲ್ಲಿನಿಂದ ತಲೆಬುರುಡೆಗೆ ಹೋಗುತ್ತಿತ್ತು. ಗಾಡಿ ಬರುತ್ತಿದೆ ಅಂತ ಗೊತ್ತಾದರೆ ಹುಲ್ಲಿನ ಬದಿಗೆ ಇಳಿಯುತ್ತಿದ್ದ. ಮನೆಯ ಕಡೆ ಮುಖ ಮಾಡಿದರೆ ಎಡಕ್ಕೆ ಆಳವಾದ ಚರಂಡಿ ಇತ್ತು. ಬಲಕ್ಕೆ ಹುಲ್ಲು. ಅಲ್ಲಿ ನಿಂತು ಗಾಡಿಯ ಚಕ್ರಗಳನ್ನು ಕೊನೆಯ ಡಬ್ಬಿಯವರೆಗೆ ನೋಡುತ್ತಿದ್ದ. ಆಮೇಲೆ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಕೈ ಮುಗಿದು "ರಾಮಕೃಷ್ಣ ಹರಿ" ಅನ್ನುತ್ತಿದ್ದ.

ನಾಲ್ಕು ವರ್ಷಕ್ಕೊಮ್ಮೆ ಡಾಕ್ಟರರ ಪರೀಕ್ಷೆ. ಕಿವಿ ಪರೀಕ್ಷಿಸಲು ಡಾಕ್ಟರು ಹಿಂದೆ ನಿಂತು ಸಣ್ಣ ದನಿಯಲ್ಲಿ ಪ್ರಶ್ನೆ ಕೇಳುತ್ತಿದ್ದರು. ಹೆಸರು, ಊರು, ತಾಯಿಯ ಹೆಸರು. ಮೊದಲು ಹೋಗಿ ಬಂದವರಿಂದ ಸೋಪಾನ ಈ ಕ್ರಮ ಕಲಿತಿದ್ದ. ಕಳೆದ ಸಲ ಡಾಕ್ಟರು ಮೂರನೆಯ ಪ್ರಶ್ನೆ ಬದಲಿಸಿದರು. ಹುಸೇನಸಾಬ ಬುತ್ತಿ ಬಿಚ್ಚಿ ಕೂತಾಗ ಅದನ್ನು ಗ್ಯಾಂಗಿಗೆಲ್ಲ ಹೇಳಿ ನಗಿಸಿದ್ದ.

"ನಿನಗ ಮಕ್ಕಳ ಎಷ್ಟ ಅಂತ ಕೇಳಿದ್ರ, ಈ ಮಾವುಲಿ 'ಸಖೂಬಾಯಿ' ಅಂದ! ಡಾಕ್ಟರು ಮುಂದ ಬಂದು, 'ಅದ್ಯಾರೋ?' ಅಂದ್ರು. 'ನಮ್ಮವ್ವ ರೀ. ಈಗ ಆಕಿನ ನನ್ನ ಕೂಸು' ಅಂದ. ಡಾಕ್ಟರಿಗೆ ಕಣ್ಣೀರ ಬಂದ್ವು ನೋಡ್ರಿ. ಪಾಸ್!"

ಎಲ್ಲರೂ ನಕ್ಕರು. ಸೋಪಾನ ಎಲ್ಲರ ಮುಖ ನೋಡಿ, ಒಂದು ಗಳಿಗೆ ತಡವಾಗಿ ನಕ್ಕ.

ಆಮೇಲೆ ಬಲಬದಿಯ ಹುಲ್ಲನ್ನು ಕೆತ್ತಿದರು. ಮಣ್ಣು ಹಾಕಿದರು, ಜಲ್ಲಿ ಸುರಿದರು, ಎರಡನೇ ಲೈನ್ ಹಾಕಿದರು. ಸಾಹೇಬರು ಗ್ಯಾಂಗನ್ನು ನಿಲ್ಲಿಸಿ ಹೇಳಿದರು: ಸೋಮವಾರದಿಂದ ಎರಡರ ಮೇಲೂ ಗಾಡಿ ಓಡುತ್ತವೆ. ಒಂದು ಲೈನಿನಲ್ಲಿ ಗಾಡಿ ಬಂದರೆ ಇನ್ನೊಂದು ಲೈನಿಗೆ ಯಾರೂ ಇಳಿಯಬಾರದು, ಹೊರಬದಿಗೇ ಇಳಿಯಬೇಕು. ಚರಂಡಿಯ ಮೇಲೆ ಅಲ್ಲಲ್ಲಿ ನಿಲ್ಲಲು ಕಲ್ಲು ಹಾಸಿದ್ದಾರೆ.

ಆ ವಾರ ಮಗಳು ಮುಕ್ತಾ ಎರಡು ದಿನದ ರಜೆಗೆ ಬಂದಿದ್ದಳು. ಅವಳು ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದಳು. ಬಾಗಿಲ ಬಳಿ ಅಪ್ಪನ ಬಲಕ್ಕೆ ಕೂತು ಕೂಗಿ ಹೇಳಿದಳು.

"ಅಪ್ಪಾ, ಡಾಕ್ಟರಿಗೆ ಖರೇ ಹೇಳಿಬಿಡು. ನೌಕರಿ ಏನ ತಗಿಯೂದಿಲ್ಲ. ಬ್ಯಾರೆ ಕೆಲಸಕ್ಕ ಹಾಕ್ತಾರ."

"ಎಲ್ಲಿ ಹಾಕ್ತಾರ? ಜಂಕ್ಷನ್ನಿಗೆ. ಮುಂಜಾನೆ ಹೋದ್ರ ಕತ್ತಲಿಗೆ ಬರೂದು. ನಡುವ ಅವ್ವನ್ನ ಯಾರ ಹೊಳ್ಳಸ್ತಾರ?"

"ನಾ ಕಾಲೇಜು ಬಿಟ್ಟ ಬರ್ತೀನಿ."

"ಹಂಗ ಅಂದ್ರ ಕಪಾಳಕ್ಕ ಕೊಡ್ತೀನಿ," ಅಂದ. ಜೀವಮಾನದಲ್ಲಿ ಅವಳಿಗೆ ಹೊಡೆದವನಲ್ಲ. ಆಮೇಲೆ ನನ್ನನ್ನು ಎತ್ತಿ ತೋರಿಸಿದ. "ಇದು ಐತಲ್ಲ, ನನ್ನ ಕಿವಿ."

ಮುಕ್ತಾ ನನ್ನನ್ನು ನೋಡಿದಳು. "ಅದು ಒಂದ ಕಿವಿ ಅಪ್ಪಾ. ಲೈನ್ ಎರಡು."

ನನ್ನ ಬಗ್ಗೆ ಅಷ್ಟು ಸರಿಯಾಗಿ ಯಾರೂ ಹೇಳಿಲ್ಲ. ನಾನು ಕೂತ ಹಳಿಯ ಸುದ್ದಿ ಮಾತ್ರ ನನಗೆ ಗೊತ್ತಾಗುತ್ತದೆ.

ಮೊದಲ ದಿನಗಳಲ್ಲಿ ಅವನು ಎರಡೂ ಲೈನಿಗೆ ನನ್ನನ್ನು ಊರಿ ಕಚ್ಚಿದ. ಒಂದು ಕಡೆ ಬಗ್ಗಿ ಎದ್ದು, ದಾಟಿ, ಇನ್ನೊಂದು ಕಡೆ ಬಗ್ಗುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು. ಮನೆಗೆ ತಡವಾಗತೊಡಗಿತು. ಮುದುಕಿಯ ಬೆನ್ನ ಮೇಲೆ ಒಂದು ಕೆಂಪು ಕಲೆ ಕಂಡಿತು. ಶೇವಂತಾ ಅದನ್ನು ಬಾಗಿಲಲ್ಲೇ ನಿಂತು ಹೇಳಿದಳು. ಸೋಪಾನ ಅಂದು ಊಟ ಮಾಡಲಿಲ್ಲ.

ಹನ್ನೆರಡನೇ ದಿನ ಏಕಾದಶಿ. ಅವನ ಹೊಟ್ಟೆಯಲ್ಲಿ ನೀರು ಮಾತ್ರ ಇತ್ತು. ತಿರುವಿನ ಹತ್ತಿರ ಮೂರು ಕ್ಲಿಪ್ಪು ಮುರಿದಿದ್ದವು, ಅವನ್ನು ಬದಲಿಸುವಷ್ಟರಲ್ಲಿ ಹನ್ನೊಂದೂವರೆ ಆಯಿತು. ಮನೆಯ ಕಡೆ ಬಿರುಸಾಗಿ ನಡೆದ. ಕ್ವಾರ್ಟರ್ಸಿನ ಹೆಂಚು ಕಾಣಿಸುವಲ್ಲಿ ನನ್ನನ್ನು ಹಳೇ ಹಳಿಗೆ ಊರಿ ಕಚ್ಚಿದ. ಮುಂದಿನಿಂದ ಗೂಡ್ಸ್ ಗಾಡಿ ಬರುತ್ತಿತ್ತು. ನಾನು ಹೇಳಿದೆ, ಅವನಿಗೆ ತಿಳಿಯಿತು. ಹೊಸ ಹಳಿಗೆ ಊರಲಿಲ್ಲ.

ಬಲಕ್ಕೆ ಇಳಿದ. ಇಪ್ಪತ್ತೆರಡು ವರ್ಷ ಅವನ ಕಾಲು ಇಳಿದದ್ದು ಆ ಕಡೆಗೇ. ಕಾಲಿಗೆ ಹುಲ್ಲು ನೆನಪಿತ್ತು. ಅಲ್ಲಿ ಈಗ ಹೊಸ ಲೈನ್ ಇತ್ತು. ಅದರ ನಡುವೆ ನಿಂತು ಗೂಡ್ಸಿನ ಚಕ್ರಗಳನ್ನು ಕೊನೆಯ ಡಬ್ಬಿಯವರೆಗೆ ನೋಡಿದ. ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಕೈ ಮುಗಿದ.

ಹಿಂದಿನಿಂದ ಬಂದ ಗಾಡಿಯ ಡ್ರೈವರ್ ಬಿಡದೆ ಹಾರ್ನ್ ಹೊಡೆದ. ನಾನು ಹಳಿಯ ಮೇಲಿರಲಿಲ್ಲ, ಹಿಡಿಕೆ ಅವನ ಹಲ್ಲಿನಲ್ಲಿರಲಿಲ್ಲ. ಹೇಳಲು ನನಗೆ ದಾರಿ ಇರಲಿಲ್ಲ.

ಅವನ ಮಾಲೆ ಹರಿದು ಮಣಿಗಳು ಜಲ್ಲಿಯಲ್ಲಿ ಚೆಲ್ಲಿದವು, ನಾನು ಚರಂಡಿಯ ಆಚೆ ಹೋಗಿ ಬಿದ್ದೆ. ಹಿಡಿಕೆ ಮುರಿಯಲಿಲ್ಲ.

ಸಂಜೆ ಹುಸೇನಸಾಬ ನನ್ನನ್ನು ಎತ್ತಿಕೊಂಡು ಹಿಡಿಕೆಯ ತುದಿಯ ಹಲ್ಲಿನ ಗುರುತು ನೋಡಿದ. ಸುದ್ದಿ ಕೇಳಿ ಕಾಲೇಜಿನಿಂದ ಬಂದಿದ್ದ ಮುಕ್ತಾ ಆಗ ಅವನಿಗೆ ಅಪ್ಪನ ಕಿವಿಯ ವಿಷಯ ಎಲ್ಲ ಹೇಳಿದಳು. ಅವನು ಆ ಗುರುತಿನ ಮೇಲೆ ಬೆರಳು ಆಡಿಸಿದ.

"ಎಡಕ್ಕ ನಿಂತು ಎಷ್ಟ ಮಾತಾಡೀನೋ ಯಪ್ಪಾ. ಒಂದಕ್ಕೂ ಉತ್ತರ ಕೊಡಲಿಲ್ಲ. ನಾ ಭಕ್ತಿ ಅಂತ ತಿಳದೆ."

ಆ ಹೊತ್ತಿಗೂ ಮುದುಕಿಯನ್ನು ಯಾರೂ ಹೊಳ್ಳಿಸಿರಲಿಲ್ಲ. ಮುಂಜಾನೆ ಮಗ ಮಲಗಿಸಿದ ಮಗ್ಗಲಲ್ಲೇ ಇದ್ದಳು. ಮರುದಿನದಿಂದ ತಾಯಿ-ಮಗಳು ಸೇರಿ ಹೊಳ್ಳಿಸಲು ನೋಡಿದರು. ಸಾವಿನ ಮನೆಗೆ ಜನ ಬರುವುದು, ಪೊಲೀಸರು ಕರೆಯುವುದು, ಶೇವಂತಾಳ ಸೊಂಟ, ಇವುಗಳ ನಡುವೆ ಹೊತ್ತು ತಪ್ಪುತ್ತಿತ್ತು. ಕೆಂಪು ಕಲೆ ಹುಣ್ಣಾಯಿತು. ಹುಣ್ಣಿಗೆ ಹುಳ ಬಿತ್ತು. ನಲವತ್ತೊಂದನೇ ದಿನ ಸಖೂಬಾಯಿ ಸತ್ತಳು.

ನನಗೆ ಚೀಟಿ ಕಟ್ಟಿ ಠಾಣೆಯಲ್ಲಿ ಐದು ತಿಂಗಳು ಇಟ್ಟರು. ಬಿಟ್ಟ ಮೇಲೆ ಹೊಸ ಕೀಮ್ಯಾನ್ ಬಸಲಿಂಗನ ಕೈಗೆ ಬಂದೆ. ಅವನ ಎರಡೂ ಕಿವಿ ಚುರುಕು. ಹಿಡಿಕೆ ನೋಡಿ ಮೂಗು ಮುರಿದ.

"ಏನಪಾ ಇದು, ನಾಯಿ ಕಡದಂಗ ಐತಿ!"

ಹಿಡಿಕೆ ಕಿತ್ತು ಒಲೆಗೆ ಹಾಕಿದ. ಅದರ ಉರಿಯಲ್ಲಿ ಗ್ಯಾಂಗಿಗೆ ಚಹಾ ಆಯಿತು. ಹುಸೇನಸಾಬ ಆ ಚಹಾ ಕುಡಿಯಲಿಲ್ಲ. ಹೊಸ ಹಿಡಿಕೆಯ ಮೇಲೆ ನಾನು ಇನ್ನೂ ನಾಲ್ಕು ವರ್ಷ ದುಡಿದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಬಡಿದರು ಅಷ್ಟೆ. ಈಗ ನನ್ನ ಮುಖ ಅಣಬೆಯಂತೆ ಹರಡಿ ಅಂಚು ಸೀಳಿದೆ. ಸಾಮಾನಿನ ಕೋಣೆಯ ಹಿಂದೆ, ತುಕ್ಕು ಹಿಡಿದ ಕ್ಲಿಪ್ಪುಗಳ ರಾಶಿಯಲ್ಲಿ ಬಿದ್ದಿದ್ದೇನೆ. ಗುಜರಿಯ ಲಾರಿ ಇನ್ನೂ ಬಂದಿಲ್ಲ.

ಮುಕ್ತಾ ಈಗ ಇದೇ ಗ್ಯಾಂಗಿನಲ್ಲಿದ್ದಾಳೆ. ಅಪ್ಪನ ಬದಲಿಗೆ ಅವಳಿಗೆ ನೌಕರಿ ಕೊಟ್ಟರು. ಕಿತ್ತಳೆ ಬಣ್ಣದ ಕೋಟು ಹಾಕಿ ಜಲ್ಲಿ ಎಳೆಯುತ್ತಾಳೆ. ಕ್ವಾರ್ಟರ್ಸಿನ ಹೆಂಚು ಕಾಣಿಸುವ ಜಾಗ ಬಂದಾಗ ಅವಳ ನಡಿಗೆ ನಿಧಾನವಾಗುತ್ತದಂತೆ. ಬಗ್ಗಿ ಜಲ್ಲಿಯನ್ನು ಕೆದರಿ ನೋಡುತ್ತಾಳಂತೆ. ಗ್ಯಾಂಗಿನವರು ನಿಂತು ಕಾಯುತ್ತಾರಂತೆ.

ಹೋದದ್ದು ಇಷ್ಟು. ಒಬ್ಬ ಮಗ, ಒಬ್ಬ ತಾಯಿ, ಒಂದು ನರ್ಸಿಂಗ್ ಓದು. ಮಾಲೆಯಲ್ಲಿ ನೂರೆಂಟು ಮಣಿ ಇದ್ದವು, ತೊಂಬತ್ತೊಂದು ಸಿಕ್ಕಿವೆ. ಹದಿನೇಳು ಇಲ್ಲ.