ತಾಟಿನ ಅಂಚಿನ ಹೆಸರು

"ಸಮಸ್ತ ಗ್ರಾಮಸ್ಥರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬರುವ ಶನಿವಾರ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಶಿರಾ ಬಡಿಸಲಾಗುವುದು. ಅದನ್ನು ಯಾವುದರಲ್ಲಿ ಬಡಿಸಬೇಕೆಂಬ ಗಹನವಾದ ವಿಷಯದ ಮೇಲೆ ಇಂದು ಸಭೆ ಕರೆಯಲಾಗಿದೆ."

ಕಲ್ಲೋಳಿ ಹಾದಿಯ ಆ ಊರಲ್ಲಿ ಡಂಗುರದ ಈ ಮಾತು ಕೇಳಿ ಹುರುಪು ಬಂದದ್ದು ಬಂದಗಿಸಾಬನೊಬ್ಬನಿಗೆ. ನಲವತ್ತು ವರ್ಷ ಊರಿನ ಪಾತ್ರೆ-ಭಾಂಡೆಗಳ ಮೇಲೆ ಹೆಸರು ಕೊರೆದವನು ಅವನು. ಚಾವಡಿಯ ಬಾಜೂ ಖೋಲಿಯಲ್ಲಿ ಮನೆಮನೆಯವರು ಹೆಸರು ಕೊರೆಸಿ ಕೊಟ್ಟ, ಊರಿಗೆಲ್ಲ ಸೇರಿದ ಮುನ್ನೂರು ತಾಟುಗಳಿದ್ದವು. ಯಾರ ಮನೆಯ ಲಗ್ನವಿದ್ದರೂ ಅವೇ ಹೊರಬರುತ್ತಿದ್ದವು. ಉಣ್ಣುವವರು ಅಂಚಿನ ಹೆಸರು ಓದಿ, 'ಇವತ್ತ ನಿಮ್ಮಪ್ಪನ ತಾಟಿನ್ಯಾಗ ಉಂಡೆ ನೋಡಪಾ' ಎಂದು ನಗುತ್ತಿದ್ದರು. ಕಾಗದದ ತಾಟು ಬಂತು, ಖೋಲಿಗೆ ಕೀಲಿ ಬಿತ್ತು. ಕಣ್ಣು ಪೂರ್ತಿ ಮಬ್ಬಾಗುವ ಮೊದಲು ಆ ಹೆಸರುಗಳನ್ನು ಒಮ್ಮೆ ಪಂಕ್ತಿಯಲ್ಲಿ ನೋಡಬೇಕೆಂಬುದು ಅವನ ಆಸೆ. ಸಭೆಯಲ್ಲಿ ಆ ತಾಟುಗಳನ್ನೇ ಹೊರತೆಗೆಯಿರಿ ಎಂದು ಕೇಳಿದ.

ಶಾಲೆ ಕಮಿಟಿಯ ಅಧ್ಯಕ್ಷ ಮುರಿಗೆಪ್ಪ ತಲೆ ಕೊಡವಿದ. "ಕಾಕಾ, ತೊಳಿಯಾವ್ರು ಯಾರು? ಹಾಳಿ ತಾಟಾದ್ರ ಉಂಡು ಒಗದು ಹೋಗೂದು."

"ಅರಿವಿ ಒಗದ್ರ ಸ್ವಚ್ಛ ಆಗ್ತಾವ. ತಾಟ ಒಗದ್ರ ಊರ ಹೊಲಸ ಆಗ್ತತಿ," ಎಂದ ಬಂದಗಿಸಾಬ.

"ಒಗದದ್ದ ಎಲ್ಲಿಗಿ ಹೋಗ್ತತಿ ತೋರಸ್ತೇನಿ ಬರ್ರಿ," ಎಂದು ದಾಕ್ಷಾಯಿಣಿ ಟೀಚರ್ ಎಲ್ಲರನ್ನೂ ಶಾಲೆಯ ಹಿಂದಿನ ತಗ್ಗಿಗೆ ಕರೆದೊಯ್ದರು. ಕಟ್ಟಿಗೆಯಿಂದ ಕೆದರಿ ಒಂದು ತಾಟು ಎತ್ತಿದರು. "ಹ್ವಾದ ವರ್ಷದ ಗ್ಯಾದರಿಂಗಿಂದು. ಮಳಿಗಾಲ ಹೋತು, ಇದು ಹೋಗಿಲ್ಲ. ಬರೇ ಹಾಳಿ ಅಲ್ರಿ, ಮ್ಯಾಲ ಪ್ಲಾಸ್ಟಿಕ್ ಪದರ ಐತಿ."

"ಸುಟ್ರಾತಲ್ರಿ?" ಎಂದ ಮುರಿಗೆಪ್ಪ.

"ಹೊಗಿ ಸೀದಾ ನಿಮ್ಮ ಮೊಮ್ಮಗಳ ವರ್ಗಕ್ಕ ಬರ್ತತಿ."

ಮುರಿಗೆಪ್ಪ ಕಿಸೆಯಿಂದ ಖೋಲಿಯ ಕೀಲಿಕೈ ತೆಗೆದ.

ಇಡೀ ಸಭೆ ಖೋಲಿಗೆ ನಡೆಯಿತು. ಬಾಗಿಲ ಮೇಲಿನ ಹಿತ್ತಾಳೆ ಫಲಕದ ಧೂಳು ಒರೆಸಿ ಮುರಿಗೆಪ್ಪ ಓದಿದ: 'ಲಗ್ನ ಮತ್ತು ಮಣ್ಣಿನ ಕಾರ್ಯ ಬಿಟ್ಟು ಬೇರೆ ಯಾವುದಕ್ಕೂ ಭಾಂಡೆ ಕೊಡತಕ್ಕದ್ದಲ್ಲ. ನಿಯಮ ಬದಲಿಸಲು ಐವರೂ ಪಂಚರ ಸಹಿ ಬೇಕು.'

"ಐದ ಮಂದ್ಯಾಗ ಮೂರ ಮಂದಿ ಮಣ್ಣಾಗ್ಯಾರಲ್ರಿ," ಎಂದಳು ಶಾಲೆಯಲ್ಲಿ ಅಡುಗೆ ಮಾಡುವ ಕಾಶೆವ್ವ. "ಇಷ್ಟ ಗಟ್ಟಿ ಕೊರದಾಂವ ಯಾಂವ?"

ಬಂದಗಿಸಾಬ ಗಂಟಲು ಸರಿಮಾಡಿಕೊಂಡ. "ನಾನ. ಅಕ್ಷರ ಚಂದ ಬಂದಾವಲ್ಲ?"

ಮಹಾಯೋಜನೆ ಹೊಸ್ತಿಲಲ್ಲೇ ಮಣ್ಣಾಯಿತು. ಅವನ ಮುಖ ನೋಡಲಾಗದೆ ಕಾಶೆವ್ವ ಅಂದಳು, "ಮನ್ಯಾಗ ತಾಟಿಲ್ಲೇನು? ಅವರವರದು ಅವರವರು ತರ್ರಿ, ತೊಳಕೊಂಡ ಹೋಗ್ರಿ. ಉಳದದ್ದ ನನ್ನ ಎಮ್ಮಿಗಿ ಕೊಡ್ರಿ."

ಶನಿವಾರ ಊರಿಗೆ ಊರೇ ತಾಟು, ಲೋಟ ಹಿಡಿದು ಬಂತು. ಬಹಳಷ್ಟು ಲಗ್ನದಲ್ಲಿ ಬಂದ ಉಡುಗೊರೆಗಳು, ಅಂಚಿನಲ್ಲಿ ಕೊಟ್ಟವರ ಹೆಸರುಗಳಿದ್ದವು. ಬಂದಗಿಸಾಬ ಪಂಕ್ತಿಯುದ್ದಕ್ಕೂ ಬಾಗಿ ಬಾಗಿ ನಡೆದ. ಯಮನವ್ವ. ಪರಪ್ಪ. ಲಕ್ಕವ್ವ. ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ಓದಿದ. ಎಲ್ಲ ಅವನದೇ ಕೈ. ಕೊನೆಗೆ ತನ್ನ ತಾಟು ಹಿಡಿದು ಕೂತ. ಅದರ ಮೇಲಿದ್ದುದು ಅವನು ಮೊಟ್ಟಮೊದಲು ಕೊರೆದ ಹೆಸರು, ತೀರಿಹೋದ ಹೆಂಡತಿಯದು: ಗುಡುಬಿ.

ಆ ದಿನ ಶಾಲೆಯ ಹಿಂದಿನ ತಗ್ಗಿಗೆ ಒಂದು ತಾಟೂ ಬೀಳಲಿಲ್ಲ.

ನಿಮ್ಮ ಮನೆಯಲ್ಲೂ ಯಾರದೋ ಹೆಸರಿನ ಒಂದು ತಾಟು ಸುಮ್ಮನೆ ಕೂತಿದೆ. ಮುಂದಿನ ಕಾರ್ಯಕ್ರಮಕ್ಕೆ ಅದನ್ನು ಒಯ್ಯಿರಿ, ಉಂಡು ತೊಳೆದು ಮನೆಗೆ ತನ್ನಿರಿ. ಅದಕ್ಕೆ ಯಾವ ಪಂಚರ ಸಹಿಯೂ ಬೇಕಿಲ್ಲ.